610 ಗ್ರಾಂ ಮರಿ, ರಾತ್ರಿ ಮೂರು ಗಂಟೆಗೆ ಶುಗರ್ ಡೌನ್. ಯಾರ ಮನೇಲಾದ್ರೂ ಹಿಂಗಾಗಿದ್ಯಾ?

ಕಲ್ಲಹಳ್ಳಿ_ಕಿರಿಯ · ಶನಿವಾರ ಬೆಳಿಗ್ಗೆ 7:40

ಎಲ್ರಿಗೂ ನಮಸ್ಕಾರ. ರಾತ್ರಿಯಿಡೀ ಕಣ್ಣು ಮುಚ್ಚಿಲ್ಲ, ಬರೆದಿದ್ದು ಹೆಚ್ಚುಕಮ್ಮಿ ಇದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಮಂಡ್ಯದಲ್ಲಿ ನಮ್ಮ ಮನೆ. ಮಗಳ ಹುಟ್ಟುಹಬ್ಬಕ್ಕೆ ಅಂತ ಬುಧವಾರ ಒಂದು ಪಾಮೇರಿಯನ್ ಮರಿ ತಂದ್ವಿ. ಮಾರಿದವನು "ಟೀಕಪ್ ಸಾರ್ ಇದು, ಎರಡು ತಿಂಗಳು ತುಂಬಿದೆ, ಎಷ್ಟು ಬೆಳೆದ್ರೂ ಜೇಬಲ್ಲಿ ಹಿಡಿಯುತ್ತೆ" ಅಂದ. ಮನೆಗೆ ಬಂದು ಅಡುಗೆಮನೆ ತಕ್ಕಡಿ ಮೇಲೆ ಕೂರಿಸಿದ್ರೆ 610 ಗ್ರಾಂ. ಮಗಳು ಲಡ್ಡು ಅಂತ ಹೆಸರಿಟ್ಟಳು.

ನಿನ್ನೆ ಹುಟ್ಟುಹಬ್ಬ. ಬಂದ ಮಕ್ಕಳೆಲ್ಲ ಅದನ್ನ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸಿದ್ದೇ ದಾಟಿಸಿದ್ದು. ರಾತ್ರಿ ಹಾಲು-ಬ್ರೆಡ್ ಮೂಸಿ ನೋಡಿ ಹಾಗೇ ಮಲಗಿಬಿಡ್ತು. ಆಡಿ ಸುಸ್ತಾಗಿದೆ ಅಂದ್ಕೊಂಡ್ವಿ. ಮೂರು ಗಂಟೆಗೆ ನಾನು ಬಾತ್‌ರೂಮಿಗೆ ಎದ್ದವನು ನೋಡ್ತೀನಿ, ರಟ್ಟಿನ ಡಬ್ಬದಲ್ಲಿ ಪಕ್ಕಕ್ಕೆ ಬಿದ್ದಿದೆ. ಎತ್ತಿದ್ರೆ ನೆನೆದ ಬಟ್ಟೆ ಥರ ಜೋತು ಬೀಳ್ತು. ಕಿವಿ, ಪಾದ ತಣ್ಣಗೆ. ಕಣ್ಣು ಬಿಟ್ಟಿದೆ, ಆದ್ರೆ ನೋಟ ಇಲ್ಲ. ದವಡೆ ಕಟಕಟ ನಡುಗ್ತಾ ಇತ್ತು.

ನಮ್ಮತ್ತೆ ಇಪ್ಪತ್ತು ವರ್ಷದ ಶುಗರ್ ಪೇಷೆಂಟು, ಇನ್ಸುಲಿನ್ ತಗೋತಾರೆ. ಅವರು ಎದ್ದು ಬಂದು ಒಂದೇ ಸಲ ನೋಡಿ "ಅಳಿಯಂದ್ರೇ, ಇದಕ್ಕೆ ಶುಗರ್ ಇಳಿದೋಗದೆ. ನನಗೆ ಆಗೋದೂ ಹಿಂಗೇ" ಅಂದ್ರು. ಗ್ಲೂಕಾನ್-ಡಿ ಪುಡಿಗೆ ನಾಲ್ಕು ಹನಿ ನೀರು ಬಿಟ್ಟು ಪಾಕದ ಹಾಗೆ ಮಾಡಿ ಬೆರಳಲ್ಲಿ ಒಸಡಿಗೆ ತಿಕ್ಕಿದ್ರು. ಸೆರಗಲ್ಲಿ ಸುತ್ತಿ ಎದೆಗೆ ಅಪ್ಕೊಂಡು ಕೂತ್ರು. ಒಂದು ಹತ್ತು ನಿಮಿಷ ಆಗಿರಬೇಕು, ನಾಲಿಗೆ ಹೊರಗೆ ಬಂತು, ನೆಕ್ಕೋಕೆ ಶುರು ಮಾಡ್ತು.

ಇಲ್ಲಿ ಗೊತ್ತಿರೋ ನಂಬರಿಗೆಲ್ಲ ಮಾಡಿದೆ, ಯಾರೂ ಎತ್ತಲಿಲ್ಲ. ಕಾರಲ್ಲಿ ಮೈಸೂರಿಗೆ ಹೊರಟ್ವಿ. ಗಣಂಗೂರು ಟೋಲ್ ದಾಟೋ ಹೊತ್ತಿಗೆ ಅದು ಅತ್ತೆಯ ಬಳೆ ಕಚ್ತಾ ಇತ್ತು. ಡಾಕ್ಟ್ರು ರಕ್ತ ನೋಡಿ 58 ಅಂದ್ರು, ಗ್ಲೂಕೋಸ್ ಏರಿಸಿದ್ರು, "ಆಗಾಗ ತಿನ್ನಿಸಿ" ಅಂದು ಕಳಿಸಿದ್ರು.

ಆಗಾಗ ಅಂದ್ರೆ ಎಷ್ಟು ಸಲ? ರಾತ್ರೀನೂ ಅಲಾರಾಂ ಇಡಬೇಕಾ? ಏನು ತಿನ್ನಿಸಲಿ? ಇದು ಸಾಯೋತನಕ ಇರೋ ಕಾಯಿಲೇನಾ?


ಬೆಲ್ಲದಚ್ಚು · ಶನಿವಾರ 7:58

ಸಕ್ಕರೆ ನಾಡಲ್ಲಿ, ಅದೂ ಲಡ್ಡುಗೆ, ಶುಗರ್ ಕಮ್ಮಿ ಆಯ್ತಾ! 1933ರಿಂದ ನಿಂತಿರೋ ಮೈಶುಗರ್ ಕಾರ್ಖಾನೆ ಮರ್ವಾದೆ ಏನಾಗ್ಬೇಕು ಕಣಣ್ಣ.

ತಮಾಸೆ ಬುಡು. ಮರಿ ಉಳ್ಕತ್ತಲ್ಲ, ಅದೇ ಸಾಕು. ನಿಮ್ಮತ್ತೆಯೋರ ಕಾಲಿಗೆ ಬೀಳ್ಬೇಕು ಮೊದ್ಲು.


ಕುಕ್ಕರಹಳ್ಳಿ_ವಾಕರ್ · ಶನಿವಾರ 8:05

ಮೊದಲನೆಯದಾಗಿ "ಟೀಕಪ್" ಅನ್ನೋ ತಳಿಯೇ ಇಲ್ಲ. ಯಾವ ಕೆನಲ್ ಕ್ಲಬ್ಬಿನ ಪಟ್ಟಿಯಲ್ಲೂ ಸಿಗಲ್ಲ. ಅದು ಮಾರೋರು ಕಟ್ಟಿದ ಹೆಸರು. ಕುಳ್ಳ ಮರಿಗೆ ಕುಳ್ಳ ಮರಿ ಸೇರಿಸಿ, ಅದರಲ್ಲೂ ಬಡಕಲಾಗಿ ಹುಟ್ಟಿದ್ದನ್ನ ಹೆಚ್ಚು ರೇಟಿಗೆ ಮಾರ್ತಾರೆ.

ಎರಡನೆಯದು, 610 ಗ್ರಾಂ ಅಂತೀರ. ಎರಡು ತಿಂಗಳು ತುಂಬಿದೆಯೋ ಇಲ್ಲವೋ ಅನ್ನೋದೇ ಅನುಮಾನ. 2017ರ ನಾಯಿ ತಳಿ ಸಾಕಣೆ ಮತ್ತು ಮಾರಾಟದ ನಿಯಮದಲ್ಲಿ ಎಂಟು ವಾರ ತುಂಬದ ಮರಿ ಮಾರೋ ಹಾಗಿಲ್ಲ ಅಂತ ಸ್ಪಷ್ಟವಾಗಿದೆ. ಹಲ್ಲು ನೋಡಿಸಿದ್ರಾ?


ಬೋಗಾದಿ_ಬೈಕರ್ · ಶನಿವಾರ 8:09

ಕಾರಿತ್ತು, ಬಚಾವ್ ಆದ್ರಿ. ನಮ್ಮಂಥ ಬೈಕಿನೋರಿಗೆ ಎಕ್ಸ್‌ಪ್ರೆಸ್‌ವೇನಲ್ಲಿ ಜಾಗವೇ ಇಲ್ಲ, ಸರ್ವೀಸ್ ರೋಡಲ್ಲಿ ಹಂಪ್ ಲೆಕ್ಕ ಹಾಕ್ಕೊಂಡು ಬರ್ಬೇಕಿತ್ತು.


ಕುಕ್ಕರಹಳ್ಳಿ_ವಾಕರ್ · ಶನಿವಾರ 8:12

ಅದು ಬೈಕಿನೋರ ಪ್ರಾಣ ಉಳಿಸೋಕೇ ಮಾಡಿದ್ದು.


ಬೋಗಾದಿ_ಬೈಕರ್ · ಶನಿವಾರ 8:13

ಟೋಲ್ ಉಳಿಸೋಕೆ ಅಂತ ಯಾರೂ ಹೇಳಿಲ್ಲ ಬಿಡಿ ಸಾರ್.


ದನದ_ಡಾಕ್ಟ್ರಮ್ಮ · ಶನಿವಾರ 8:50

ಶ್ರೀರಂಗಪಟ್ಟಣದ ಕಡೆ ಕೆಲಸ ಮಾಡೋ ಪಶುವೈದ್ಯೆ ನಾನು. ದಿನಾ ಕೈಹಾಕೋದು ಹಸು, ಎಮ್ಮೆ, ಕುರಿಗೇ ಜಾಸ್ತಿ. ಆದ್ರೂ ಈ ಪುಟ್ಟ ಮರಿಗಳ ಕೇಸು ಬರ್ತಾನೇ ಇರುತ್ತೆ. ನಿಮ್ಮತ್ತೆ ಮಾಡಿದ್ದು ನೂರಕ್ಕೆ ನೂರು ಸರಿ. ಅವರು ನೀರಿಗೆ ಕಲಸಿ ಗಂಟಲಿಗೆ ಸುರಿಯದೆ ಒಸಡಿಗೆ ತಿಕ್ಕಿದ್ರಲ್ಲ, ಅಲ್ಲೇ ಮರಿ ಬದುಕಿದ್ದು.

ಯಾಕೆ ಹಿಂಗಾಗುತ್ತೆ ಅಂದ್ರೆ: ಊಟ ಇಲ್ಲದ ಹೊತ್ತಲ್ಲಿ ಮೈಗೆ ಸಕ್ಕರೆ ಒದಗಿಸೋದು ಪಿತ್ತಜನಕಾಂಗ. ದೊಡ್ಡ ನಾಯಿಗೆ ಅದು ತುಂಬಿದ ಕಣಜ ಇದ್ದಂಗೆ, ಒಂದು ದಿನ ಉಪವಾಸ ಬಿದ್ರೂ ನಡೆಯುತ್ತೆ. ಇಂಥ ಮರಿಗೆ ಅದು ಒಂದು ಪಾವಿನ ಡಬ್ಬ. ಇರೋದನ್ನ ಖರ್ಚು ಮಾಡಿದ ಮೇಲೆ ಕೊಬ್ಬು ಕರಗಿಸೋಣ ಅಂದ್ರೆ ಕೊಬ್ಬಿಲ್ಲ, ಮಾಂಸದಿಂದ ಹೊಸ ಸಕ್ಕರೆ ಮಾಡ್ಕೊಳ್ಳೋಣ ಅಂದ್ರೆ ಮಾಂಸವೂ ಇಲ್ಲ, ಆ ಕೆಲಸ ಪಿತ್ತಜನಕಾಂಗಕ್ಕೆ ಇನ್ನೂ ಸರಿಯಾಗಿ ಬಂದಿರೋದೂ ಇಲ್ಲ. ಇತ್ತ ಮೈಗೆ ಹೋಲಿಸಿದ್ರೆ ತಲೆ ದೊಡ್ಡದು, ಮಿದುಳು ಕೇಳೋದು ಸಕ್ಕರೆಯನ್ನೇ. ಅದಕ್ಕೇ ಮೊದಲು ಕೆಡೋದು ನಡಿಗೆ, ನೋಟ, ಆಮೇಲೆ ಫಿಟ್ಸು.

ಚಳಿ ಬೇರೆ. ಸಣ್ಣ ಲೋಟದ ಕಾಫಿ ಬೇಗ ಆರುತ್ತಲ್ಲ, ಹಾಗೇ ಸಣ್ಣ ಮೈ ಬೇಗ ತಣ್ಣಗಾಗುತ್ತೆ. ಬಿಸಿ ಉಳಿಸ್ಕೊಳ್ಳೋಕೂ ಸಕ್ಕರೆಯೇ ಸುಡಬೇಕು.

ನಿಮ್ಮ ಮನೇಲಿ ಎಲ್ಲ ಒಂದೇ ದಿನ ಸೇರ್ಕೊಂಡಿದೆ. ತಾಯಿ ಬಿಟ್ಟು ಬಂದು ಮೂರು ದಿನ, ಹೊಸ ಮನೆ, ಮಕ್ಕಳ ಗಲಾಟೆ, ಹಗಲು ನಿದ್ದೆ ಇಲ್ಲ (ಈ ವಯಸ್ಸಿಗೆ ದಿನಕ್ಕೆ 18 ಗಂಟೆ ನಿದ್ದೆ ಬೇಕು), ರಾತ್ರಿ ಊಟ ಇಲ್ಲ. 60ಕ್ಕಿಂತ ಕೆಳಗೆ ಬಂದ್ರೆ ನಾವು ಕಮ್ಮಿ ಅಂತೀವಿ. ಗ್ಲೂಕೋಸ್ ತಿಕ್ಕಿ ಇಷ್ಟು ಹೊತ್ತಾದ ಮೇಲೂ 58 ಅಂದ್ರೆ ಮೂರು ಗಂಟೆಗೆ ಇನ್ನೂ ಕೆಳಗಿತ್ತು ಅಂತಲೇ ಲೆಕ್ಕ.

ಈಗ ನಿಮ್ಮ ಪ್ರಶ್ನೆಗೆ. ಹಗಲು ಮೂರು ಗಂಟೆಗೊಂದು ಸಲ. ರಾತ್ರಿ ಮಲಗೋ ಮುಂಚೆ ಒಂದು, ನಡುರಾತ್ರಿ ಕಳೆದ ಮೇಲೆ ಒಂದು, ಬೆಳಗಿನ ಜಾವ ಒಂದು. ಹೌದು, ಅಲಾರಾಂ ಇಡಲೇಬೇಕು. ತೂಕ ಏರ್ತಾ ಹೋದ ಹಾಗೆ ರಾತ್ರಿಯದು ಬಿಡಬಹುದು. ನಾಲ್ಕು ತಿಂಗಳಾಗೋ ಹೊತ್ತಿಗೆ ಹೆಚ್ಚಿನ ಮರಿಗಳಿಗೆ ಈ ಕಾಟ ತಾನಾಗೇ ಬಿಟ್ಟುಹೋಗುತ್ತೆ. ಬಿಡದಿದ್ರೆ ಅದು ಬೇರೆ ವಿಷಯ, ಆಮೇಲೆ ಹೇಳ್ತೀನಿ. ಒಂದು ಹಸು ಕರು ಹಾಕೋಕೆ ಒದ್ದಾಡ್ತಿದೆಯಂತೆ, ಹೊರಟೆ.


ಬೆಲ್ಲದಚ್ಚು · ಶನಿವಾರ 9:15

ಡಾಕ್ಟ್ರಮ್ಮ ಯೋಳಿದ್ದು ಸರಿ. ಆದ್ರೆ ಒಂದು ಮಾತು. ಈ ಪ್ಯಾಕೆಟ್ ಗ್ಲೂಕೋಸು ಯಾಕೆ ಬೇಕು? ನಮ್ಮದು ಪಾಂಡವಪುರದ ಹತ್ರ ಆಲೆಮನೆ. ಕುರಿಮರಿ ಸೋತು ಬಿದ್ರೆ ನಮ್ಮಜ್ಜ ಜೋನಿ ಬೆಲ್ಲ ಬೆರಳಲ್ಲಿ ಎದ್ದಿ ಬಾಯಿಗೆ ಮಡಗೋದು. ಎದ್ದು ಓಡೋದು ಮರಿ. ಬೆಲ್ಲದಲ್ಲಿ ಕಬ್ಬಿಣದ ಅಂಶವೂ ಅದೆ.


ಮೆಡಿಕಲ್_ಶಾಪಣ್ಣ · ಶನಿವಾರ 9:31

ಅಣ್ಣಾ, ಬೆಲ್ಲದ ಮೇಲೆ ನನಗೇನೂ ದ್ವೇಷ ಇಲ್ಲ. ಆದ್ರೆ ಬೆಲ್ಲ, ಸಕ್ಕರೆ ಎರಡೂ ಬಹುಪಾಲು ಸುಕ್ರೋಸು. ಅದು ಕರುಳಲ್ಲಿ ಒಡೆದು ಗ್ಲೂಕೋಸು, ಫ್ರಕ್ಟೋಸು ಅಂತ ಎರಡಾಗಬೇಕು, ಆಮೇಲೆ ರಕ್ತಕ್ಕೆ. ಗ್ಲೂಕೋಸ್ ಪುಡಿಗೆ ಆ ಸುತ್ತು ಇಲ್ಲ. ಮರಿ ಕೊಸರಾಡ್ತಾ ಇರೋವಾಗ ಎರಡು ನಿಮಿಷವೂ ಲೆಕ್ಕವೇ. ಮನೇಲಿ ಗ್ಲೂಕೋಸ್ ಇಲ್ಲ, ಬೆಲ್ಲ ಇದೆ ಅಂದ್ರೆ ಬೆಲ್ಲವೇ ತಿಕ್ಕಿ, ಸುಮ್ಮನೆ ಕೂರಬೇಡಿ.

ಅಂಗಡೀಲಿ ಜನ ತಪ್ಪು ತಗೊಂಡು ಹೋಗೋದು ಓಆರ್‌ಎಸ್. "ನಾಯಿಮರಿ ಸುಸ್ತಾಗಿದೆ, ಒಂದು ಓಆರ್‌ಎಸ್ ಕೊಡಿ" ಅಂತಾರೆ. ಒಂದು ಲೀಟರಿಗೆ ಅದರಲ್ಲಿ ಗ್ಲೂಕೋಸ್ ಇರೋದು 13.5 ಗ್ರಾಂ. ಭೇದಿಗೆ ನೀರು-ಉಪ್ಪು ಹೀರಿಸೋಕೆ ಮಾಡಿದ್ದು ಅದು, ಶುಗರ್ ಏರಿಸೋಕಲ್ಲ. 610 ಗ್ರಾಂ ಮರಿಗೆ ಎಷ್ಟು ಕುಡಿಸ್ತೀರ?


ಬೆಲ್ಲದಚ್ಚು · ಶನಿವಾರ 9:34

ಸೋತೆ. ಆದ್ರೂ ನಮ್ಮ ಜೋನಿ ಬೆಲ್ಲ ರುಚಿ.


ಟ್ಯೂಷನ್_ಮಿಸ್ · ಶನಿವಾರ 10:20

ಬರೆಯೋದೋ ಬೇಡವೋ ಅಂತ ಅರ್ಧ ಗಂಟೆ ಕೂತಿದ್ದೆ.

ಎರಡು ವರ್ಷದ ಹಿಂದೆ, ಸರಸ್ವತಿಪುರಂನಲ್ಲಿದ್ದಾಗ ನಮ್ಮ ಚಿವಾವಾ ಮರಿಗೆ ಇದೇ ಥರ ಆಯ್ತು. ಏಳೋ ಎಂಟೋ ವಾರ ಅದಕ್ಕೆ. ಲೋ ಶುಗರ್ ಅಂತ ನನಗೂ ಗೊತ್ತಾಯ್ತು, ಎಲ್ಲೋ ಓದಿದ್ದೆ. ಸಕ್ಕರೆ ನೀರು ಮಾಡಿ ಸಿರಿಂಜಲ್ಲಿ ಬಾಯಿಗೆ ಬಿಟ್ಟೆ. ಅದಕ್ಕೆ ಎಚ್ಚರವೇ ಇರಲಿಲ್ಲ, ನುಂಗೋ ಶಕ್ತಿ ಎಲ್ಲಿಂದ? ಸ್ವಲ್ಪ ಹೊತ್ತಿಗೆ ಎಚ್ಚರ ಆಯ್ತು, ನಾವು ಕುಣಿದಾಡಿಬಿಟ್ವಿ. ಸಂಜೆಯಿಂದ ಗೊರಗೊರ ಉಸಿರು. ನೀರು ಶ್ವಾಸಕೋಶಕ್ಕೆ ಹೋಗಿತ್ತು. ಎರಡನೇ ದಿನ ನನ್ನ ಮಡಿಲಲ್ಲೇ ಹೋಯ್ತು.

ಶುಗರಿಂದ ಅಲ್ಲ, ನನ್ನ ಸಿರಿಂಜಿಂದ. ಇದನ್ನ ಯಾರಾದ್ರೂ ಮುಂಚೇನೇ ಹೇಳಿದ್ದಿದ್ರೆ ಅನ್ಸುತ್ತೆ, ಅದಕ್ಕೇ ಬರೆದೆ.


ನಂಜುಮಳಿಗೆ_ಅಜ್ಜಿ · ಶನಿವಾರ 10:41

ಅಯ್ಯೋ ಮಗಳೇ. ಉಳಿಸ್ಬೇಕು ಅಂತ ತಾನೇ ಬಿಟ್ಟೆ ನೀನು.


ದನದ_ಡಾಕ್ಟ್ರಮ್ಮ · ಶನಿವಾರ ಮಧ್ಯಾಹ್ನ 1:15

ಟ್ಯೂಷನ್ ಮಿಸ್, ನೀವು ಬರೆದಿದ್ದಕ್ಕೆ ಎಷ್ಟು ಜನ ಸಿರಿಂಜ್ ಕೆಳಗಿಡ್ತಾರೋ. ಇದು ತುಂಬಾ ಮನೆಗಳಲ್ಲಿ ಆಗೋ ತಪ್ಪು. (ಕರು ಹುಟ್ಟಿತು, ಹೋರಿ.)

ಎಚ್ಚರ ಇಲ್ಲದ ಮರಿ ಬಾಯಿಗೆ ಏನನ್ನೂ ಸುರೀಬೇಡಿ. ಮಂದವಾದ ಪಾಕ, ಬೆರಳ ತುದೀಲಿ ಹೆಸರುಕಾಳಿನಷ್ಟು, ತುಟಿ ಎತ್ತಿ ಒಸಡಿಗೂ ಕೆನ್ನೆಯ ಒಳಗೂ ಸವರಿ. ಎರಡು ನಿಮಿಷ ಬಿಟ್ಟು ಮತ್ತೆ ಅಷ್ಟೇ. ಫಿಟ್ಸ್ ಬರ್ತಾ ಇದ್ರೆ ಹಲ್ಲಿನ ನಡುವೆ ಬೆರಳು ಕೊಡಬೇಡಿ, ಗೊತ್ತಿಲ್ಲದೇ ಕಚ್ಚುತ್ತೆ. ತಲೆ ಸ್ವಲ್ಪ ಕೆಳಗಿರಲಿ. ಮೈ ಬೆಚ್ಚಗೆ ಮಾಡಿ. ಎದ್ದು ಕೂತ್ರೂ ಆಸ್ಪತ್ರೆಗೆ ಹೋಗಿ, ಏಳದಿದ್ರೆ ಪಾಕ ತಿಕ್ತಾ ತಿಕ್ತಾನೇ ಹೋಗಿ. ಅಲ್ಲಿ ರಕ್ತನಾಳಕ್ಕೆ ಡೆಕ್ಸ್ಟ್ರೋಸ್ (ಅಂದ್ರೆ ಗ್ಲೂಕೋಸೇ) ಕೊಡ್ತಾರೆ, ಅದನ್ನೂ ಚೆನ್ನಾಗಿ ನೀರು ಮಾಡಿ, ನಿಧಾನಕ್ಕೆ. ಮೆಡಿಕಲ್ ಅಂಗಡಿಯಿಂದ ಆಂಪ್ಯೂಲ್ ತಂದು ಮನೇಲೇ ಚರ್ಮದಡಿ ಚುಚ್ಚೋರಿದ್ದಾರೆ. ಗಟ್ಟಿ ಡೆಕ್ಸ್ಟ್ರೋಸ್ ಅಲ್ಲಿನ ಮಾಂಸ ಸುಡುತ್ತೆ. ದಯವಿಟ್ಟು ಬೇಡ.

ಇನ್ನೊಂದು. ಬರೀ ಸಕ್ಕರೆ ಕೊಟ್ಟು ಸುಮ್ಮನಾದ್ರೆ ಒಂದು ಗಂಟೇಲಿ ಮತ್ತೆ ಬೀಳುತ್ತೆ. ಸರ್ರನೆ ಏರಿದ ಸಕ್ಕರೆಗೆ ಮೈ ಇನ್ಸುಲಿನ್ ಬಿಡುತ್ತೆ, ಅಷ್ಟೇ ಸರ್ರನೆ ಇಳಿಯುತ್ತೆ. ಎಚ್ಚರ ಬಂದು ತಾನಾಗಿ ನೆಕ್ಕೋ ಹಾಗಾದ ತಕ್ಷಣ ನಿಜವಾದ ಊಟ ಹೋಗಬೇಕು. ಪ್ರೋಟೀನ್, ಕೊಬ್ಬು ಇರೋದು. ಹಾಲು-ಬ್ರೆಡ್ ಅಲ್ಲ.


ಬೆಲ್ಲದಚ್ಚು · ಶನಿವಾರ 1:40

ಹಾಲು ಯಾಕೆ ಬ್ಯಾಡ? ನಮ್ಮ ತೋಟದ ನಾಯಿ ಮರಿಗಳು ಹಾಲು, ರಾಗಿ ಅಂಬ್ಲಿ, ಮುದ್ದೆ ತಿಂದೇ ಹುಲಿ ಥರ ಆಗವೆ. ಈ ಲೋ ಶುಗರ್ ಅನ್ನೋದನ್ನ ನಾನು ಇವತ್ತೇ ಕೇಳಿದ್ದು.


ಬೀದಿಮರಿ_ಬಳಗ · ಶನಿವಾರ 2:22

ಬೆಲ್ಲದಚ್ಚು ಅಣ್ಣ, ನಿಮ್ಮ ತೋಟದ ಮರಿ ಎರಡು ತಿಂಗಳಿಗೆ ಎರಡು-ಮೂರು ಕೆಜಿ ತೂಗುತ್ತೆ. ತಾಯಿ ಮೊಲೆ ಬಿಟ್ಟಿರೋದೂ ಇಲ್ಲ. ಮೇಲೆ ಮುದ್ದೆ ತಿನ್ನುತ್ತೆ. ಲಡ್ಡು 610 ಗ್ರಾಂ, ತಾಯಿ ಇಲ್ಲ. ಅದರ ಹೊಟ್ಟೆ ಎಷ್ಟು ಹಿಡಿಯುತ್ತೆ? ಒಂದು ಅಡಿಕೆ ಗಾತ್ರದ ಮುದ್ದೆ ತಿಂದ್ರೆ ಮುಗೀತು, ಅದರಲ್ಲಿ ಮುಕ್ಕಾಲು ನೀರು. ಹೊಟ್ಟೆ ತುಂಬುತ್ತೆ, ಶಕ್ತಿ ಸಿಗಲ್ಲ.

ಹಾಲಿನ ಲೆಕ್ಕ ಕೇಳಿ. ಹಸುವಿನ ಹಾಲಲ್ಲಿ ಕೊಬ್ಬು ನೂರಕ್ಕೆ ನಾಲ್ಕರ ಆಸುಪಾಸು. ನಾಯಿ ಹಾಲಲ್ಲಿ ಅದರ ಎರಡರಷ್ಟು, ಪ್ರೋಟೀನೂ ಎರಡರಷ್ಟು. ಹಾಲಿನ ಸಕ್ಕರೆ ಮಾತ್ರ ಹಸುವಿನದರಲ್ಲೇ ಜಾಸ್ತಿ. ಅದೇ ಭೇದಿ ಮಾಡ್ಸೋದು. ಅದಕ್ಕೆ ನಮ್ಮೋರು ಮರಿಗೆ ಜೀರ್ಣ ಆಗಲಿ ಅಂತ ಅರ್ಧ ನೀರು ಬೇರೆ ಬೆರೆಸ್ತಾರೆ! ಇದ್ದ ಕೊಬ್ಬೂ ಹೋಯ್ತು. ಭೇದಿ ಶುರುವಾದ್ರೆ ಶುಗರ್ ಇಳಿಯೋಕೆ ಬೇರೆ ಕಾರಣ ಬೇಡ.

ಲೋ ಶುಗರ್ ಬೀದಿ ಮರಿಗೆ ಬರಲ್ಲ ಅನ್ನೋದೂ ತಪ್ಪು. ಹೋದ ಧನುರ್ಮಾಸದಲ್ಲಿ ವಿಸಿ ನಾಲೆ ಏರಿ ಮೇಲೆ ಗೋಣಿಚೀಲದಲ್ಲಿ ಐದು ಮರಿ ಬಿಟ್ಟು ಹೋಗಿದ್ರು, ಕಣ್ಣೂ ಬಿಟ್ಟಿರಲಿಲ್ಲ. ಐದೂ ಐಸು. ನನ್ನ ಜೊತೆ ಬಂದ ಹುಡುಗ ಬಾಟ್ಲಿ ಹಾಲು ಕೊಡೋಕೆ ಹೋದ, ಕೈ ಹಿಡಿದು ನಿಲ್ಲಿಸಿದೆ. ತಣ್ಣಗಿರೋ ಮರಿಗೆ ಕರುಳು ಕೆಲಸ ಮಾಡಲ್ಲ, ಹಾಲು ಹೊಟ್ಟೇಲೇ ಕೊಳೆಯುತ್ತೆ ಇಲ್ಲ ಶ್ವಾಸಕ್ಕೆ ಹೋಗುತ್ತೆ. ಮೊದಲು ಬಿಸಿ, ಆಮೇಲೆ ಹಾಲು. ಬಿಸಿನೀರಿನ ಬಾಟ್ಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಟ್ಟು, ಒಂದು ಗಂಟೆ ನಿಧಾನಕ್ಕೆ ಕಾಯಿಸಿದ್ವಿ, ನಡುನಡುವೆ ಒಸಡಿಗೆ ಗ್ಲೂಕೋಸು. ಐದರಲ್ಲಿ ಮೂರು ಉಳಿದ್ವು. ಒಂದು ಈಗ ಮದ್ದೂರಲ್ಲಿ ಒಂದು ವಡೆ ಅಂಗಡಿ ಮುಂದೆ ರಾಜನ ಹಾಗೆ ಕೂತಿರುತ್ತೆ.


ಬೋಗಾದಿ_ಬೈಕರ್ · ಶನಿವಾರ 2:25

ಯಾವ ವಡೆ ಅಂಗಡಿ? ಭಾನುವಾರ ಆ ಕಡೆ ರೈಡ್ ಇದೆ. ಸರ್ವೀಸ್ ರೋಡಲ್ಲೇ.


ಬೆಲ್ಲದಚ್ಚು · ಶನಿವಾರ 2:31

ಬೀದಿಮರಿ ಅವ್ರೇ, ಒಪ್ಪಿದೆ. ಬಂಡೂರು ಕುರಿ ಮರಿಗೂ ಇಂಗೇ. ಮಳೇಲಿ ಹುಟ್ಟಿದ್ದು ತಣ್ಣಗಾದ್ರೆ ನಮ್ಮಜ್ಜ ಮೊದ್ಲು ಒಲೆ ಮುಂದೆ ಮಡಗಿ, ಒಣ ಹುಲ್ಲಲ್ಲಿ ತಿಕ್ಕಿ, ಆಮೇಲೇ ಗಿಣ್ಣಾಲು ಕುಡಿಸ್ತಿದ್ದುದು. ಯಾಕೆ ಅಂತ ಕೇಳಿದ್ರೆ "ಮುಚ್ಚಲಾ ಬಾಯಿ" ಅನ್ನೋರು. ಇವತ್ತು ಗೊತ್ತಾಯ್ತು.


ಬೀದಿಮರಿ_ಬಳಗ · ಶನಿವಾರ 2:40

ಒಂದು ಮಾತು ಹೇಳದೇ ಇರೋಕಾಗಲ್ಲ. ಊರ ತುಂಬ ಮರಿಗಳಿರೋವಾಗ ದುಡ್ಡು ಕೊಟ್ಟು ಜೇಬಲ್ಲಿ ಹಿಡಿಯೋ ಮರಿ ಯಾಕೆ ಸಾರ್?


ಕಲ್ಲಹಳ್ಳಿ_ಕಿರಿಯ · ಶನಿವಾರ 2:58

ತಪ್ಪೇ. ಮಗಳು ಕೇಳಿದಳು, ಫೋಟೋ ನೋಡಿ ಕರಗಿ ಹೋದ್ವಿ. ಈಗ ಬಂದಿರೋದನ್ನ ಹಿಂದಕ್ಕೆ ಕೊಡೋಕಾಗುತ್ತಾ? ಕೊಟ್ರೆ ಆ ಮನುಷ್ಯ ನಾಳೆ ಇನ್ನೊಬ್ಬರಿಗೆ ಮಾರ್ತಾನೆ.


ತಕ್ಕಡಿ_ತಾಯಿ · ಶನಿವಾರ 3:30

ಅವರನ್ನ ಬಿಡಿ, ರಾತ್ರಿಯೆಲ್ಲ ಎದ್ದಿದ್ದಾರೆ. ಬೈಯೋದು ಇನ್ನೊಂದು ದಿನ ಇಟ್ಕೊಳ್ಳೋಣ.

ಕುವೆಂಪುನಗರದಲ್ಲಿ ನಾನು ಶಿಟ್ಜು ಸಾಕಿದ್ದೀನಿ, ಎರಡು ಸಲ ಮರಿ ಹಾಕಿದೆ. ನನ್ನ ಅನುಭವಕ್ಕೆ ದೊಡ್ಡ ಔಷಧಿ ಅಂದ್ರೆ ತಕ್ಕಡಿ. ನೀವು ಬಂದ ದಿನವೇ ತೂಕ ಹಾಕಿದ್ದೀರಲ್ಲ, ಅದನ್ನ ದಿನಾ ಒಂದೇ ಹೊತ್ತಿಗೆ ಹಾಕಿ ಕ್ಯಾಲೆಂಡರಲ್ಲಿ ಬರೀರಿ. ಬೆಳೆಯೋ ಮರಿ ತೂಕ ಒಂದು ದಿನ ನಿಂತ್ರೆ ಕಿವಿ ನೆಟ್ಟಗಾಗಬೇಕು, ಇಳಿದ್ರೆ ಫೋನ್ ಕೈಗೆ ತಗೋಬೇಕು. ಮರಿ ಸೋತು ಬೀಳೋಕೆ ಒಂದು ದಿನ ಮುಂಚೇನೇ ತಕ್ಕಡಿ ಹೇಳಿಬಿಡುತ್ತೆ. ನಾನು ಹಾಲು ಕುಡಿಯೋ ಮರಿಗಳನ್ನ ಸ್ಟೀಲ್ ಬೋಗುಣೀಲಿ ಟವೆಲ್ ಹಾಕಿ ತೂಗ್ತೀನಿ, ನಮ್ಮನೆಯವರು "ಟೊಮ್ಯಾಟೊ ಎಷ್ಟು ಕೆಜಿ ಇವತ್ತು" ಅಂತ ರೇಗಿಸ್ತಾರೆ.

ಊಟಕ್ಕೆ: ಪಪ್ಪಿ ಸ್ಟಾರ್ಟರ್ ಅಂತ ಪುಟ್ಟ ಮರಿಗಳ ಒಣ ಊಟ ಸಿಗುತ್ತಲ್ಲ, ಅದನ್ನ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಗಂಜಿ ಥರ ಮಾಡಿ. ಮೂಸಿ ಬಿಟ್ರೆ ಬೇಯಿಸಿದ ಕೋಳಿ ಚೂರು ಕಿವುಚಿ ಸೇರಿಸಿ, ಇಲ್ಲ ಬೇಯಿಸಿದ ಮೊಟ್ಟೆ. ಬೆಚ್ಚಗಿದ್ರೆ ವಾಸನೆ ಏಳುತ್ತೆ, ತಿನ್ನುತ್ತೆ. ಫ್ರಿಜ್ಜಿಂದ ತೆಗೆದಿದ್ದು ಕೊಡಬೇಡಿ.


ನಂಜುಮಳಿಗೆ_ಅಜ್ಜಿ · ಶನಿವಾರ 3:52

ಸೆರೆಲ್ಯಾಕ್ ಕೊಡಬಹುದೇನಮ್ಮ? ನಮ್ಮ ವಠಾರದಲ್ಲಿ ಆಗ ಎಲ್ಲರ ಮನೆ ಮರಿಗೂ ಅದೇ. ಆಗೆಲ್ಲ ಎಲ್ಲರ ಮನೇಲೂ ಬಿಳಿ ಪಾಮೇರಿಯನ್ನು. ಸಾಯಂಕಾಲ ಒಂದು ಬೊಗಳಿದ್ರೆ ಚಾಮುಂಡಿಪುರಂವರೆಗೂ ಬೊಗಳೋವು.


ಕುಕ್ಕರಹಳ್ಳಿ_ವಾಕರ್ · ಶನಿವಾರ 4:01

ಅಜ್ಜಿ, ಅವು ಬಹುತೇಕ ಪಾಮೇರಿಯನ್ ಅಲ್ಲ, ಇಂಡಿಯನ್ ಸ್ಪಿಟ್ಜ್. ಗಟ್ಟಿಮುಟ್ಟು ಜಾತಿ. ಅದಕ್ಕೇ ಆಗ ಇಂಥ ಕತೆ ಕೇಳಿರಲಿಲ್ಲ.


ನಂಜುಮಳಿಗೆ_ಅಜ್ಜಿ · ಶನಿವಾರ 4:04

ನಮ್ಮ ಪಿಂಕಿ ಪಾಮೇರಿಯನ್ನೇ ಕಣಪ್ಪ. ಹದಿನಾಲ್ಕು ವರ್ಷ ಬದುಕಿತ್ತು. ನೀನು ನೋಡಿದ್ಯಾ?


ತಕ್ಕಡಿ_ತಾಯಿ · ಶನಿವಾರ 4:10

ಅಜ್ಜಿ, ಸೆರೆಲ್ಯಾಕ್ ಮನುಷ್ಯರ ಕೂಸಿನ ಲೆಕ್ಕಕ್ಕೆ ಮಾಡಿದ್ದು. ಒಂದೆರಡು ದಿನ ಬಾಯಿ ರುಚಿಗೆ ಸರಿ, ಅದನ್ನೇ ನಂಬಿ ಬೆಳೆಸೋಕಾಗಲ್ಲ. ಮತ್ತೆ ಪಿಂಕಿ ಪಾಮೇರಿಯನ್ನೇ, ನಾನು ನಿಮ್ಮ ಕಡೆ.


ಮೆಡಿಕಲ್_ಶಾಪಣ್ಣ · ಶನಿವಾರ 4:45

ಬರೆಯೋದು ಮರೆತಿದ್ದೆ, ಇದು ಮುಖ್ಯ. ನಿಮ್ಮ ಮನೇಲಿ ಶುಗರ್ ಪೇಷೆಂಟ್ ಇದ್ದಾರೆ ಅಂದ್ರಿ. ಹಾಗಾದ್ರೆ ಶುಗರ್ ಫ್ರೀ ಅಂತ ಬರೆದಿರೋ ಪುಡಿ, ಚೂಯಿಂಗ್ ಗಮ್, ಪೆಪ್ಪರ್‌ಮಿಂಟ್ ಇದ್ದೇ ಇರುತ್ತೆ. ಗಾಬರೀಲಿ ಅದನ್ನ ಸಕ್ಕರೆ ಅಂತ ತಿಕ್ಕಿದ್ರೆ ಪ್ರಯೋಜನ ಶೂನ್ಯ, ಅದರಲ್ಲಿ ಗ್ಲೂಕೋಸೇ ಇರಲ್ಲ. ಅದರಲ್ಲೂ ಜೈಲಿಟಾಲ್ ಅನ್ನೋದು ಇದ್ರೆ ನಾಯಿಗೆ ವಿಷ. ಮನುಷ್ಯರಿಗೆ ಏನೂ ಆಗಲ್ಲ, ನಾಯಿಗೆ ಮಾತ್ರ ಒಳಗೆ ಇನ್ಸುಲಿನ್ ಸುರಿಯೋ ಹಾಗೆ ಮಾಡಿ ಇರೋ ಶುಗರನ್ನೂ ನೆಲಕ್ಕೆ ಕೆಡವುತ್ತೆ, ಜಾಸ್ತಿ ಹೋದ್ರೆ ಪಿತ್ತಜನಕಾಂಗಕ್ಕೂ ಪೆಟ್ಟು. ಲೇಬಲ್ ಓದಿ, ಕೈಗೆ ಸಿಗದ ಜಾಗದಲ್ಲಿ ಇಡಿ.


ಕಲ್ಲಹಳ್ಳಿ_ಕಿರಿಯ · ಶನಿವಾರ 5:10

ಅತ್ತೆ ಇದನ್ನ ಓದಿಸ್ಕೊಂಡು ಕೇಳಿ ತಮ್ಮ ದಿಂಬಿನ ಕೆಳಗಿದ್ದ ಗಮ್ ಪ್ಯಾಕೆಟ್ ತೆಗೆದು ಗೋದ್ರೆಜ್ ಬೀರುವಿಗೆ ಹಾಕಿ ಬೀಗ ಜಡಿದ್ರು.

ಇನ್ನೊಂದು ಡೌಟು. ಅತ್ತೆ ಹತ್ರ ಗ್ಲೂಕೋಮೀಟರ್ ಇದೆ. ಅದರಲ್ಲೇ ಲಡ್ಡುದು ನೋಡಬಹುದಾ?


ದನದ_ಡಾಕ್ಟ್ರಮ್ಮ · ಶನಿವಾರ ರಾತ್ರಿ 8:30

ನೋಡಬಹುದು, ನಂಬೋಕಾಗಲ್ಲ. ಮನುಷ್ಯರ ಮೀಟರು ನಾಯಿ ರಕ್ತಕ್ಕೆ ಇರೋದಕ್ಕಿಂತ ಕಮ್ಮಿ ತೋರಿಸೋದೇ ಜಾಸ್ತಿ. ನಮ್ಮ ರಕ್ತದಲ್ಲಿ ಸಕ್ಕರೆ ಕೆಂಪು ಕಣದೊಳಗೂ ಸಾಕಷ್ಟು ಇರುತ್ತೆ, ನಾಯೀದು ಹೆಚ್ಚೂಕಮ್ಮಿ ಎಲ್ಲ ಹೊರಗಿನ ನೀರಲ್ಲೇ. ಮೀಟರು ನಮ್ಮ ಲೆಕ್ಕಕ್ಕೆ ಹೊಂದಿಸಿದ್ದು. ನಾಯಿಗೇ ಅಂತ ಬೇರೆ ಮೀಟರ್ ಬರುತ್ತೆ. ನಿಮಗೆ ಬೇಕಾಗಿಲ್ಲ. ಅಷ್ಟು ಚಿಕ್ಕ ಕಿವಿಗೆ ದಿನಾ ಚುಚ್ಚಿ ಅದನ್ನ ಹೆದರಿಸೋದಕ್ಕಿಂತ ತಕ್ಕಡಿ ತಾಯಿ ಹೇಳಿದ್ದು ಮಾಡಿ.

ಬೆಳಿಗ್ಗೆ ಬಾಕಿ ಇಟ್ಟಿದ್ದ ವಿಷಯ. ಹೊತ್ತಿಗೆ ಸರಿಯಾಗಿ ತಿನ್ನಿಸಿದ್ರೂ ಮತ್ತೆ ಮತ್ತೆ ಬೀಳ್ತಾ ಇದ್ರೆ ಹುಡುಕಬೇಕಾದ್ದು ಬೇರೆ. ಮೊದಲು ಹುಳು. ಕೊಕ್ಕೆಹುಳು ತಾಯಿ ಹಾಲಿಂದಲೇ ಮರಿಗೆ ಬರುತ್ತೆ, ರಕ್ತ ಹೀರುತ್ತೆ. ಒಸಡು ಎತ್ತಿ ನೋಡಿ, ಗುಲಾಬಿ ಬಣ್ಣ ಇರಬೇಕು, ಸುಣ್ಣದ ಗೋಡೆ ಥರ ಬಿಳುಚಿದ್ರೆ ತಡ ಮಾಡಬೇಡಿ. ಎರಡು ವಾರದ ವಯಸ್ಸಿಂದಲೇ ಹುಳುವಿನ ಔಷಧಿ ಶುರುವಾಗಬೇಕು, ಎರಡು ವಾರಕ್ಕೊಮ್ಮೆ. ನಿಮಗೆ ಮಾರಿದವನು ಹಾಕಿದ್ದಾನೋ ಇಲ್ಲವೋ, ಹಾಕಿಲ್ಲ ಅಂತಲೇ ಇಟ್ಕೊಳ್ಳಿ. ಆಮೇಲೆ ವಾಂತಿ-ಭೇದಿ ಇದ್ರೆ ಪಾರ್ವೋ ಅನ್ನೋ ವೈರಸ್ ಕಾಯಿಲೆ. ನಾಲ್ಕು ತಿಂಗಳು ದಾಟಿದ ಮೇಲೂ ಊಟ ಆದ ನಂತರ ತೂಕಡಿಕೆ, ಗೋಡೆಗೆ ತಲೆ ಒತ್ತೋದು, ಬೆಳವಣಿಗೆ ಇಲ್ಲ ಅಂದ್ರೆ ಕರುಳಿನ ರಕ್ತ ಪಿತ್ತಜನಕಾಂಗಕ್ಕೆ ಹೋಗದೆ ಅಡ್ಡದಾರಿ ಹಿಡಿದಿರಬಹುದು, ಹುಟ್ಟಿನಿಂದಲೇ. ಅದನ್ನ ಸ್ಕ್ಯಾನ್ ಮಾಡಿಯೇ ಹೇಳಬೇಕು.

ಲಸಿಕೆ ಪೂರ್ತಿ ಆಗೋವರೆಗೂ ಆಸ್ಪತ್ರೆ ನೆಲಕ್ಕೆ ಬಿಡಬೇಡಿ, ಬುಟ್ಟೀಲಿ ಮಡಿಲಲ್ಲೇ ಇರಲಿ. ಪಾರ್ವೋ ವೈರಸ್ ನೆಲದ ಮೇಲೆ ತಿಂಗಳುಗಟ್ಟಲೆ ಬದುಕಿರುತ್ತೆ.


ಕಲ್ಲಹಳ್ಳಿ_ಕಿರಿಯ · ಸೋಮವಾರ ಬೆಳಿಗ್ಗೆ 6:50

ನಿನ್ನೆ ಸಂಜೆ ಇಲ್ಲೇ ಒಬ್ಬ ಡಾಕ್ಟ್ರಿಗೆ ಮತ್ತೆ ತೋರಿಸಿದ್ವಿ. ಹಲ್ಲು ನೋಡಿ "ಎರಡು ತಿಂಗಳಾ? ಆರು ವಾರ ಇದ್ರೆ ಹೆಚ್ಚು" ಅಂದ್ರು. ಕುಕ್ಕರಹಳ್ಳಿ ಸಾರ್ ಹೇಳಿದ್ದೇ ನಿಜ. ಹುಳುವಿನ ಔಷಧಿ ಹಾಕಿದ್ರು, ಇವತ್ತು ಬೆಳಿಗ್ಗೆ ಕಕ್ಕದಲ್ಲಿ ಶಾವಿಗೆ. ಹೆಂಡತಿ ಇವತ್ತು ಶಾವಿಗೆ ಉಪ್ಪಿಟ್ಟು ಮಾಡೋಳಿದ್ದಳು, ಕ್ಯಾನ್ಸಲ್.

ತೂಕ: ಶನಿವಾರ 598, ಭಾನುವಾರ 604, ಇವತ್ತು 617.

ಮಾರಿದವನಿಗೆ ಫೋನ್ ಮಾಡಿದ್ರೆ ಸ್ವಿಚ್ ಆಫ್.


ಬೋಗಾದಿ_ಬೈಕರ್ · ಸೋಮವಾರ 7:02

ಉಪ್ಪಿಟ್ಟು ಕ್ಯಾನ್ಸಲ್ ಆಗೋಕೆ ಕಾರಣ ಬೇಕಿತ್ತಾ? ನಮ್ಮನೇಲಿ ದಿನಾ ಕ್ಯಾನ್ಸಲ್ ಮಾಡಿ ಅಂತೀನಿ.

ಅಂದಹಾಗೆ ಮದ್ದೂರಲ್ಲಿ ಆ ನಾಯಿ ಸಿಕ್ಕಿತು. ನನ್ನ ಅರ್ಧ ವಡೆ ಅದಕ್ಕೇ ಹೋಯ್ತು.


ಬೀದಿಮರಿ_ಬಳಗ · ಸೋಮವಾರ 7:20

ವಡೇಲಿ ಈರುಳ್ಳಿ ಇರುತ್ತೆ, ನಾಯಿಗೆ ಕೊಡಬೇಡಿ ಅಂತ ಆ ಅಂಗಡಿಯವರಿಗೆ ಹೇಳಿ ಹೇಳಿ ನನ್ನ ಗಂಟಲು ಹೋಯ್ತು. ಈಗ ನಿಮಗೂ ಹೇಳ್ತೀನಿ.


ಟ್ಯೂಷನ್_ಮಿಸ್ · ಸೋಮವಾರ 9:15

617! ಆ ನಂಬರ್ ನೋಡಿ ನನಗೆ ಅಳು ಬಂತು. ರಾತ್ರಿ ಯಾರು ಏಳ್ತೀರ ಸಾರ್? ಒಬ್ಬರೇ ಎದ್ರೆ ಒಂದು ವಾರಕ್ಕೆ ಕೈಕೊಡ್ತೀರ, ಅಲಾರಾಂ ಆಫ್ ಮಾಡಿ ಮಲಗಿಬಿಡೋ ದಿನ ಬರುತ್ತೆ. ಪಾಳಿ ಹಾಕ್ಕೊಳ್ಳಿ.


ಕಲ್ಲಹಳ್ಳಿ_ಕಿರಿಯ · ಸೋಮವಾರ 1:05

ಪಾಳಿ ಹಾಕಿದ್ವಿ ಮೇಡಂ. ಹನ್ನೊಂದಕ್ಕೆ ಹೆಂಡತಿ, ಎರಡಕ್ಕೆ ಅತ್ತೆ, ಐದಕ್ಕೆ ನಾನು. ಎರಡು ಗಂಟೆ ಪಾಳಿ ಅತ್ತೆ ತಾವಾಗೇ ಕೇಳಿ ತಗೊಂಡ್ರು, "ನನಗೆ ಹೆಂಗೂ ನಿದ್ದೆ ಬರಲ್ಲ" ಅಂತ.


ಕಲ್ಲಹಳ್ಳಿ_ಕಿರಿಯ · ಮೂರು ವಾರದ ನಂತರ, ಭಾನುವಾರ 10:30

ಎಲ್ಲರೂ ಕೇಳ್ತಾ ಇದ್ರಿ, ಬರೆಯೋಕಾಗಿರಲಿಲ್ಲ. ಲಡ್ಡು ಈಗ 905 ಗ್ರಾಂ. ಆ ರಾತ್ರಿ ಆದ ಮೇಲೆ ಪೂರ್ತಿ ಬಿದ್ದಿಲ್ಲ. ಒಂದೇ ಒಂದು ಸಲ, ನೆಂಟರು ಬಂದ ದಿನ, ಸಂಜೆ ಕುಡಿದವರ ಹಾಗೆ ಓಲಾಡ್ತು. ಮಗಳೇ ಓಡಿ ಹೋಗಿ ಗ್ಲೂಕೋಸ್ ಡಬ್ಬ ತಂದು ಒಸಡಿಗೆ ಹಚ್ಚಿ, ಆಮೇಲೆ ಕೋಳಿ ಗಂಜಿ ತಿನ್ನಿಸಿ, ನೆಂಟರಿಗೆಲ್ಲ "ಯಾರೂ ಮುಟ್ಟಬೇಡಿ" ಅಂತ ಬೈದು ರೂಮಿಗೆ ತಗೊಂಡು ಹೋದಳು. ಡಾಕ್ಟ್ರು ಇನ್ನು ರಾತ್ರಿ ಎರಡು ಗಂಟೆಯ ಊಟ ನಿಲ್ಲಿಸಬಹುದು ಅಂದಿದ್ದಾರೆ.


ದನದ_ಡಾಕ್ಟ್ರಮ್ಮ · ಭಾನುವಾರ 11:12

ಚೆನ್ನಾಗಿ ಏರ್ತಿದೆ. ಒಂದೇ ಸಲ ನಿಲ್ಲಿಸಬೇಡಿ, ಎರಡು ಗಂಟೇದನ್ನ ದಿನಾ ಸ್ವಲ್ಪ ಸ್ವಲ್ಪ ಮುಂದಕ್ಕೆ ತಳ್ಳಿ ಐದರದಕ್ಕೆ ಸೇರಿಸಿ. ಅತ್ತೆಯವರಿಗೂ ಇನ್ನು ನಿದ್ದೆ ಸಿಗಲಿ.


ಕಲ್ಲಹಳ್ಳಿ_ಕಿರಿಯ · ಭಾನುವಾರ 11:20

ಅಲ್ಲೇ ಮೇಡಂ ತೊಂದರೆ ಆಗಿರೋದು. ಅತ್ತೆ ನಿಲ್ಲಿಸೋಕೆ ಒಪ್ತಾ ಇಲ್ಲ.


ಬೆಲ್ಲದಚ್ಚು · ಭಾನುವಾರ 11:24

ಯಾಕಣ್ಣ?


ಕಲ್ಲಹಳ್ಳಿ_ಕಿರಿಯ · ಭಾನುವಾರ 11:31

ಮೂರು ವಾರದಿಂದ ಎರಡು ಗಂಟೆಗೆ ಲಡ್ಡುಗೆ ಗಂಜಿ ಇಟ್ಟು, ಜೊತೇಲಿ ತಾವೂ ನಾಲ್ಕು ಮಾರಿ ಬಿಸ್ಕತ್ತು, ಒಂದು ಲೋಟ ಹಾಲು ಮುಗಿಸ್ತಾ ಇದ್ರಂತೆ. "ಅದೊಂದೇ ತಿಂದ್ರೆ ಅದಕ್ಕೆ ಬೇಜಾರಾಯ್ತದೆ" ಅಂತಾರೆ. ಮೊನ್ನೆ ಅವರ ಫಾಸ್ಟಿಂಗ್ ಶುಗರ್ 212 ಬಂದಿದೆ.